ಕೃಷಿ ರಾಸಾಯನಿಕಗಳ ಸುರಕ್ಷಿತ ಸಾಗಣೆ: ನಿಯಮಗಳು ಮತ್ತು ಪಾಲನಾ ಕ್ರಮಗಳು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ)

ಪೀಠಿಕೆ

ಪೀಡೆನಾಶಕಗಳನ್ನು ಸಿಂಪಡಿಸುವಾಗ ವಹಿಸಬೇಕಾದ ಮುಂಜಾಗ್ರತೆಗಳ ಬಗ್ಗೆ ರೈತ ಬಾಂಧವರಿಗೆ ತರಬೇತಿಗಳಲ್ಲಿ ತಿಳಿಸಲಾಗುತ್ತದೆ. ಆದರೆ ಅಂಗಡಿಯಲ್ಲಿ ಕೊಂಡ ಡಬ್ಬಿಯು ಹೊಲವನ್ನು ತಲುಪುವವರೆಗಿನ ದಾರಿಯ ಬಗ್ಗೆ ಗಮನ ಕಡಿಮೆ. ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಅನೇಕ ಹಳ್ಳಿಗಳು ತಾಲ್ಲೂಕು ಕೇಂದ್ರದಿಂದ ದೂರದಲ್ಲಿವೆ. ರೈತರು ಸಂತೆ, ಆಸ್ಪತ್ರೆ, ಬ್ಯಾಂಕು ಮತ್ತು ಗೊಬ್ಬರದ ಅಂಗಡಿಯ ಕೆಲಸಗಳನ್ನು ಒಂದೇ ದಿನ ಮುಗಿಸಿಕೊಂಡು ಮರಳುವುದು ರೂಢಿ. ಆ ದಿನ ಒಂದೇ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಅಕ್ಕಿ ಚೀಲ, ಹಿಂಡಿ, ಕಿರಾಣಿ ಸಾಮಾನು, ಯೂರಿಯಾ, ಕಳೆನಾಶಕದ ಕ್ಯಾನು ಹಾಗೂ ಊರಿನ ಜನ ಎಲ್ಲರೂ ಒಟ್ಟಿಗೆ ಸಾಗುತ್ತಾರೆ. ಕ್ಯಾನಿನ ಮುಚ್ಚಳವು ಸ್ವಲ್ಪ ಸಡಿಲವಾಗಿದ್ದರೂ ಸೋರಿದ ವಿಷವು ಅಕ್ಕಿಯ ಚೀಲದೊಳಗೆ ಇಳಿಯುತ್ತದೆ. ಚೀಲ ಒಣಗಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಇದರ ಜೊತೆಗೆ ನಮ್ಮ ಮಾತಿನಲ್ಲಿಯೇ ಒಂದು ಅಪಾಯವಿದೆ. ಹಳ್ಳಿಗಳಲ್ಲಿ ಪೀಡೆನಾಶಕವನ್ನು ‘ಎಣ್ಣೆ’ ಅಥವಾ ‘ಔಷಧಿ’ ಎಂದು ಕರೆಯುವುದು ವಾಡಿಕೆ. ಅಡುಗೆಗೆ ಬಳಸುವುದೂ ಎಣ್ಣೆಯೇ, ಕಾಯಿಲೆಗೆ ಕುಡಿಯುವುದೂ ಔಷಧಿಯೇ. ಹೆಸರು ಒಂದೇ ಆದಾಗ ಜಾಗವೂ ಒಂದೇ ಆಗುತ್ತದೆ. ಆದ್ದರಿಂದ ಸಾಗಣೆಯ ಎಲ್ಲ ನಿಯಮಗಳ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಉಣ್ಣುವ ವಸ್ತು ಮತ್ತು ವಿಷ ಒಂದೇ ಜಾಗದಲ್ಲಿ ಸಾಗಬಾರದು. ಈ ಲೇಖನದಲ್ಲಿ ಆ ನಿಯಮಗಳನ್ನೂ ಅವುಗಳನ್ನು ಪಾಲಿಸುವ ವಿಧಾನವನ್ನೂ ವಿವರಿಸಲಾಗಿದೆ.

ನಿಯಮಗಳ ಹಿನ್ನೆಲೆ

1958ರ ಬೇಸಿಗೆಯಲ್ಲಿ ಕೇರಳ ಹಾಗೂ ಅಂದಿನ ಮದ್ರಾಸ್ ರಾಜ್ಯದಲ್ಲಿ ಗೋಧಿ ಹಿಟ್ಟಿನ ತಿನಿಸು ತಿಂದ ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಸಾಗಣೆಯ ಸಮಯದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸೋರಿ ಹಿಟ್ಟಿನೊಡನೆ ಬೆರೆತದ್ದೇ ಈ ದುರಂತಕ್ಕೆ ಕಾರಣವಾಗಿತ್ತು. ಇದರ ವಿಚಾರಣೆಗೆ ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಜೆ.ಸಿ. ಶಾ ಅವರ ನೇತೃತ್ವದಲ್ಲಿ ಆಯೋಗವನ್ನು ನೇಮಿಸಿತು. ಹತ್ತು ವರ್ಷಗಳ ನಂತರ ಕೀಟನಾಶಕ ಕಾಯ್ದೆ, 1968 ಅಂಗೀಕಾರವಾಯಿತು. ಅದರಡಿ ಕೀಟನಾಶಕ ನಿಯಮಗಳು, 1971 ರೂಪುಗೊಂಡವು. ಅಂದರೆ ನಮ್ಮ ದೇಶದ ಕೀಟನಾಶಕ ಕಾನೂನಿನ ಹಿಂದೆ ಹೊಲದಲ್ಲಿ ನಡೆದ ಅವಘಡಕ್ಕಿಂತ ಸಾಗಣೆಯಲ್ಲಿ ನಡೆದ ಅವಘಡದ ಪಾಠವಿದೆ. ಸರಕು ಹೊತ್ತದ್ದು ಹಡಗಾಗಲಿ, ಲಾರಿಯಾಗಲಿ, ಚಕ್ಕಡಿಯಾಗಲಿ ಆ ಪಾಠವು ಬದಲಾಗುವುದಿಲ್ಲ.

ಈ ಕಾಯ್ದೆಯಲ್ಲಿ ‘ಕೀಟನಾಶಕ’ ಎಂಬ ಪದವು ಶಿಲೀಂಧ್ರನಾಶಕ ಮತ್ತು ಕಳೆನಾಶಕಗಳನ್ನೂ ಒಳಗೊಳ್ಳುತ್ತದೆ. ‘ಇದು ಹುಲ್ಲಿಗೆ ಹೊಡೆಯುವ ಎಣ್ಣೆ, ಹುಳುವಿನದಲ್ಲ’ ಎಂದು ಕಳೆನಾಶಕವನ್ನು ಹಗುರವಾಗಿ ಕಾಣಬಾರದು. ಪ್ಯಾರಾಕ್ವಾಟ್ ಎಂಬ ಕಳೆನಾಶಕವು ದೇಹದೊಳಗೆ ಹೋದರೆ ಅದಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ.

ಅನ್ವಯವಾಗುವ ಪ್ರಮುಖ ಕಾನೂನುಗಳು

1. ಕೀಟನಾಶಕ ನಿಯಮಗಳು, 1971, ನಿಯಮ 35. ಯಾವುದೇ ಕೀಟನಾಶಕವನ್ನು ಆಹಾರ ಪದಾರ್ಥ ಅಥವಾ ಪಶು ಆಹಾರಕ್ಕೆ ನೇರವಾಗಿ ತಾಗುವಂತೆ ಸಾಗಿಸಬಾರದು, ಇಡಬಾರದು. ಪೊಟ್ಟಣ ಒಡೆದು ಆಹಾರ ಅಥವಾ ಮೇವಿನೊಂದಿಗೆ ಬೆರೆತರೆ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಅಧಿಕಾರಿಗಳು ಪರೀಕ್ಷಿಸುವವರೆಗೆ ಅದನ್ನು ಬಳಕೆದಾರರಿಗೆ ಬಿಡುಗಡೆ ಮಾಡಬಾರದು. ಸಾಗಣೆಯಲ್ಲಿ ಸೋರಿಕೆಯಾದರೆ ವಿಷಬಾಧೆಯನ್ನೂ ಮಣ್ಣು ಮತ್ತು ನೀರಿನ ಮಾಲಿನ್ಯವನ್ನೂ ತಡೆಯಲು ತುರ್ತು ಕ್ರಮ ಕೈಗೊಳ್ಳುವ ಹೊಣೆ ಸಾಗಣೆದಾರರದು. ದಾಸ್ತಾನಿನಲ್ಲಿ ಸೋರಿದರೆ ದಾಸ್ತಾನು ಮಾಲೀಕರದು.

2. ಅದೇ ನಿಯಮಗಳ ನಿಯಮ 36. ಕೀಟನಾಶಕಗಳನ್ನು ಬೇರೆ ಸಾಮಗ್ರಿಗಳಿಂದ ದೂರವಾಗಿ ಪ್ರತ್ಯೇಕ ಕೊಠಡಿಯಲ್ಲಿ, ಅಥವಾ ಪ್ರಮಾಣ ಮತ್ತು ಗುಣಕ್ಕನುಗುಣವಾಗಿ ಬೀಗ ಹಾಕಿದ ಪ್ರತ್ಯೇಕ ಕಪಾಟಿನಲ್ಲಿ ಇಡತಕ್ಕದ್ದು. ಕೊಠಡಿಯು ಒಣಗಿರಬೇಕು, ಗಾಳಿ ಬೆಳಕು ಇರಬೇಕು.

3. ಅದೇ ನಿಯಮಗಳ ನಿಯಮ 44. ಬಳಸಿದ ಡಬ್ಬಿಗಳನ್ನು ಮರುಬಳಕೆಗೆ ಸಿಗುವಂತೆ ಹೊರಗೆ ಬಿಡಬಾರದು. ಅವುಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು.

4. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ನಿಯಮ 129ರಿಂದ 137. ಅಪಾಯಕಾರಿ ಸರಕನ್ನು ಹೊತ್ತ ಸರಕು ಸಾಗಣೆ ವಾಹನಗಳಿಗೆ ಇವು ಅನ್ವಯಿಸುತ್ತವೆ. ವರ್ಗ ಚಿಹ್ನೆ, ತುರ್ತು ಮಾಹಿತಿ ಫಲಕ, ಚಾಲಕರಿಗೆ ಲಿಖಿತ ಸೂಚನೆ ಮತ್ತು ಅಪಘಾತದ ವರದಿ ಇವುಗಳ ವಿಷಯ. ಚಾಲಕರ ವಿದ್ಯಾರ್ಹತೆ ಮತ್ತು ತರಬೇತಿಯ ವಿವರವು ನಿಯಮ 9ರಲ್ಲಿದೆ.

5. ಪೆಟ್ರೋಲಿಯಂ ಕಾಯ್ದೆ, 1934. ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ ಒಟ್ಟು 30 ಲೀಟರಿಗೆ ಮೀರದಂತೆ ಇಟ್ಟುಕೊಳ್ಳಬಹುದು. ಬಿಗಿ ಮುಚ್ಚಳದ ಲೋಹದ ಪಾತ್ರೆಯಾದರೆ ಅದು 25 ಲೀಟರಿಗಿಂತ ದೊಡ್ಡದಿರಬಾರದು. ಪವರ್ ಸ್ಪ್ರೇಯರಿಗೆಂದು ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯುವುದು ಇದಕ್ಕೆ ವಿರುದ್ಧವಾದ ಅಭ್ಯಾಸ.

6. ರೈಲ್ವೆ ಕಾಯ್ದೆ, 1989, ಕಲಂ 67 ಮತ್ತು 164. ಅಪಾಯಕಾರಿ ವಸ್ತುಗಳನ್ನು ರೈಲಿನಲ್ಲಿ ಪ್ರಯಾಣಿಕರ ಸಾಮಾನಿನೊಂದಿಗೆ ಸೂಚನೆ ನೀಡದೆ ಒಯ್ಯುವಂತಿಲ್ಲ. ಉಲ್ಲಂಘನೆಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹೊಸಪೇಟೆ–ಕೊಟ್ಟೂರು–ಹರಿಹರ ಮಾರ್ಗದ ರೈಲಿನಲ್ಲಿ ಪ್ರಯಾಣಿಸುವವರು ಇದನ್ನು ನೆನಪಿಡಬೇಕು.

ರೈತರಿಗೆ ವಿನಾಯಿತಿ ಇದೆಯೇ? ಕೀಟನಾಶಕ ಕಾಯ್ದೆಯ 38ನೇ ಕಲಂ, ವ್ಯಕ್ತಿಯು ತನ್ನ ಸಾಗುವಳಿಯ ಜಮೀನಿನಲ್ಲಿ ಕೀಟನಾಶಕವನ್ನು ಬಳಸುವುದನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಈ ವಿನಾಯಿತಿಯು ಬಳಕೆಗೆ ಸಂಬಂಧಿಸಿದ್ದು. ಬಾಡಿಗೆಗೆ ಸರಕು ಸಾಗಿಸುವ ವಾಹನ ಮಾಲೀಕರು, ಮಾರಾಟಗಾರರು, ದಾಸ್ತಾನು ಇಡುವ ಸಹಕಾರ ಸಂಘಗಳು ಇದರ ನೆರಳಿನಲ್ಲಿ ನಿಲ್ಲಲಾಗದು. ತನ್ನ ಹೊಲಕ್ಕೆ ಒಂದು ಲೀಟರ್ ಒಯ್ಯುವ ರೈತನಿಂದ ಯಾರೂ ಫಲಕ, ಪತ್ರಗಳನ್ನು ಕೇಳುವುದಿಲ್ಲ. ಆದರೆ ನಿಯಮ 35ರ ಉದ್ದೇಶವು ಆತನ ಮನೆಯವರ ರಕ್ಷಣೆಯೇ ಆಗಿರುವುದರಿಂದ ಅದನ್ನು ಸ್ವಯಂ ಪಾಲಿಸುವುದು ವಿವೇಕ.

ಡಬ್ಬಿಯ ಮೇಲಿನ ಚಿಹ್ನೆಗಳನ್ನು ಓದುವ ಕ್ರಮ

ಪ್ರತಿ ಪೀಡೆನಾಶಕದ ಲೇಬಲ್ ಮೇಲೆ ವಜ್ರಾಕಾರದ ಚೌಕವೊಂದಿದ್ದು, ಅದನ್ನು ಎರಡು ತ್ರಿಕೋನಗಳಾಗಿ ವಿಭಾಗಿಸಲಾಗಿರುತ್ತದೆ. ಮೇಲಿನ ತ್ರಿಕೋನದಲ್ಲಿ ಎಚ್ಚರಿಕೆಯ ಪದ, ಕೆಳಗಿನ ತ್ರಿಕೋನದಲ್ಲಿ ಬಣ್ಣ ಇರುತ್ತವೆ. ಬಣ್ಣವು ಬಾಯಿಯ ಮೂಲಕ ದೇಹ ಸೇರಿದಾಗಿನ ವಿಷದ ತೀವ್ರತೆಯನ್ನು ಸೂಚಿಸುತ್ತದೆ. ಕೆಳಗಿನ ಅಂಕಿಗಳು ಪ್ರಯೋಗ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಬೇಕಾಗುವ ಪ್ರಮಾಣ (ಪ್ರತಿ ಕಿಲೋ ದೇಹತೂಕಕ್ಕೆ ಮಿಲಿಗ್ರಾಂಗಳಲ್ಲಿ).

• ಕೆಂಪು: ಅತ್ಯಂತ ವಿಷಕಾರಿ, 1ರಿಂದ 50. ತಲೆಬುರುಡೆ ಮತ್ತು ಮೂಳೆಗಳ ಚಿತ್ರದೊಂದಿಗೆ ‘ವಿಷ’ ಎಂಬ ಪದ.
• ಹಳದಿ: ಹೆಚ್ಚು ವಿಷಕಾರಿ, 51ರಿಂದ 500. ‘ವಿಷ’ ಎಂಬ ಪದ.
• ನೀಲಿ: ಮಧ್ಯಮ ವಿಷಕಾರಿ, 501ರಿಂದ 5000. ‘ಅಪಾಯ’ ಎಂಬ ಪದ.
• ಹಸಿರು: ಅಲ್ಪ ವಿಷಕಾರಿ, 5000ಕ್ಕಿಂತ ಹೆಚ್ಚು. ‘ಎಚ್ಚರಿಕೆ’ ಎಂಬ ಪದ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಈ ಬಣ್ಣವು ವಿಷದ ತೀವ್ರತೆಯನ್ನು ಮಾತ್ರ ಹೇಳುತ್ತದೆ. ಬೆಂಕಿ ಹೊತ್ತುವ, ಚರ್ಮ ಸುಡುವ ಅಥವಾ ನೀರು ತಾಗಿದಾಗ ಅನಿಲ ಬಿಡುವ ಗುಣವನ್ನು ಅದು ಹೇಳುವುದಿಲ್ಲ. ಅಂತಹ ಗುಣಗಳನ್ನು ಸಾಗಣೆಯ ವರ್ಗ ಚಿಹ್ನೆ ತಿಳಿಸುತ್ತದೆ. ಇದನ್ನು ರಟ್ಟಿನ ಪೆಟ್ಟಿಗೆಯ ಹೊರಭಾಗದಲ್ಲಿ ಮತ್ತು ವಾಹನದ ಮೇಲೆ ಕಾಣಬಹುದು.

ನಮ್ಮ ಭಾಗದಲ್ಲಿ ಬಳಕೆಯಲ್ಲಿರುವ ಸಾಮಗ್ರಿಗಳು ಮತ್ತು ಅವುಗಳ ವರ್ಗ

ವರ್ಗ 3, ಹೊತ್ತಿ ಉರಿಯುವ ದ್ರವಗಳು: ಪೆಟ್ರೋಲ್, ಡೀಸೆಲ್ ಹಾಗೂ ಸುಲಭವಾಗಿ ಉರಿಯುವ ದ್ರಾವಕ ಬಳಸಿ ತಯಾರಿಸಿದ ಕೆಲವು ಇ.ಸಿ. ರೂಪದ ಕೀಟನಾಶಕಗಳು. ಬೇಸಿಗೆಯ ಬಿಸಿಲಿನಲ್ಲಿ ಮುಚ್ಚಿದ ವಾಹನದೊಳಗೆ ಬಾಟಲಿಯು ಉಬ್ಬಿ ಮುಚ್ಚಳದ ಬಳಿ ಸೋರಬಹುದು.

ವರ್ಗ 4, ನೀರು ತಾಗಿದಾಗ ಅಪಾಯಕಾರಿ: ಧಾನ್ಯ ಸಂಗ್ರಹದಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳು. ತೇವ ತಾಗಿದ ಕೂಡಲೇ ಫಾಸ್ಫೀನ್ ಎಂಬ ಮಾರಕ ಅನಿಲ ಹೊರಬರುತ್ತದೆ. ಮೆಕ್ಕೆಜೋಳದ ದಾಸ್ತಾನಿಗೆಂದು ಈ ಮಾತ್ರೆಗಳನ್ನು ಬಿಡಿಯಾಗಿ ಕೊಂಡು ಜೇಬಿನಲ್ಲಿ, ಚೀಲದಲ್ಲಿ ತರುವುದು ಪ್ರಾಣಾಪಾಯಕರ. ಇವುಗಳ ಮಾರಾಟ ಮತ್ತು ಬಳಕೆಯನ್ನು ಸರ್ಕಾರ ನಿರ್ಬಂಧಿಸಿದೆ. ಧೂಮೀಕರಣವನ್ನು ಪರಿಣತರ ಮೇಲ್ವಿಚಾರಣೆಯಲ್ಲಿಯೇ ಮಾಡಿಸಬೇಕು.

ವರ್ಗ 5, ಉರಿಯನ್ನು ಹೆಚ್ಚಿಸುವ ಉತ್ಕರ್ಷಕಗಳು: ಹನಿ ನೀರಾವರಿಯಲ್ಲಿ ಕೊಡುವ ಪೊಟ್ಯಾಸಿಯಂ ನೈಟ್ರೇಟ್ (13–0–45) ಮತ್ತು ಬ್ಲೀಚಿಂಗ್ ಪುಡಿ. ಪೊಟ್ಯಾಸಿಯಂ ನೈಟ್ರೇಟನ್ನು ಗಂಧಕದ ಪುಡಿ, ಇದ್ದಿಲು, ಡೀಸೆಲ್ ಇವುಗಳ ಜೊತೆ ಇಡಬಾರದು.

ವರ್ಗ 6, ವಿಷಕಾರಿ ವಸ್ತುಗಳು: ಕೆಂಪು ಮತ್ತು ಹಳದಿ ಬಣ್ಣದ ಬಹುತೇಕ ಪೀಡೆನಾಶಕಗಳು.

ವರ್ಗ 8, ಸುಡುವ ಮತ್ತು ಕೊರೆಯುವ ವಸ್ತುಗಳು: ಹನಿ ನೀರಾವರಿ ಕೊಳವೆಗಳ ಶುದ್ಧೀಕರಣಕ್ಕೆ ಬಳಸುವ ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್ ಮತ್ತು ಫಾಸ್ಫಾರಿಕ್ ಆಮ್ಲಗಳು, ದಾಳಿಂಬೆಯಲ್ಲಿ ಬಹಾರ್ ನಿರ್ವಹಣೆಗಾಗಿ ಎಲೆ ಉದುರಿಸಲು ಬಳಸುವ ಇಥೆಫಾನ್.

ಯೂರಿಯಾ, ಡಿ.ಎ.ಪಿ. ಮತ್ತು ಪೊಟ್ಯಾಷ್‌ನಂತಹ ಸಾಮಾನ್ಯ ಗೊಬ್ಬರಗಳು ಈ ವರ್ಗಗಳಲ್ಲಿ ಬರುವುದಿಲ್ಲ. ಆದರೂ ಯೂರಿಯಾವನ್ನು ದನಗಳು ನೆಕ್ಕಿದರೆ ಸಾಯಬಹುದು. ಮೇವಿನ ಮೇಲೆ ಅದರ ಚೀಲವನ್ನು ಹೇರಬಾರದು.

ಒಟ್ಟಿಗೆ ಒಯ್ಯಬಾರದ ಜೋಡಿಗಳು

ಒಂದೊಂದಾಗಿ ಎಚ್ಚರದಿಂದ ಒಯ್ದರೆ ತೊಂದರೆ ಕೊಡದ ವಸ್ತುಗಳು ಜೊತೆಯಾದಾಗ ಅಪಾಯ ತರುತ್ತವೆ. ಕೆಳಗಿನ ಜೋಡಿಗಳನ್ನು ಒಂದೇ ಸಲಕ್ಕೆ, ಒಂದೇ ವಾಹನದಲ್ಲಿ ಒಯ್ಯಬಾರದು.

1. ಆಮ್ಲ ಮತ್ತು ಬ್ಲೀಚಿಂಗ್ ಪುಡಿ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ನಿರ್ವಹಣೆಯಲ್ಲಿ ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕುವ ರೈತರೇ ಹನಿ ಕೊಳವೆಗೆ ಆಮ್ಲವನ್ನೂ ಕೊಳ್ಳುತ್ತಾರೆ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಉಂಟಾಗಿ ಉಸಿರು ಕಟ್ಟುತ್ತದೆ. ಕೂಡ್ಲಿಗಿ, ಕೊಟ್ಟೂರು ಮತ್ತು ಹಗರಿಬೊಮ್ಮನಹಳ್ಳಿ ಭಾಗದ ದಾಳಿಂಬೆ ಬೆಳೆಗಾರರು ಇದನ್ನು ವಿಶೇಷವಾಗಿ ಗಮನಿಸಬೇಕು.
2. ಪೊಟ್ಯಾಸಿಯಂ ನೈಟ್ರೇಟ್ ಮತ್ತು ಗಂಧಕದ ಪುಡಿ ಅಥವಾ ಇಂಧನ.
3. ಕಳೆನಾಶಕ ಮತ್ತು ಬಿತ್ತನೆ ಬೀಜ. ಸೋರಿದ ಕಳೆನಾಶಕವು ಬೀಜದ ಮೊಳಕೆಯನ್ನೇ ಕೊಲ್ಲಬಹುದು.
4. ಯಾವುದೇ ಪೀಡೆನಾಶಕ ಮತ್ತು ಅಕ್ಕಿ, ಹಿಟ್ಟು, ಬೆಲ್ಲ, ತರಕಾರಿ, ಹಿಂಡಿ, ತೌಡು.
5. ಬೀಜೋಪಚಾರ ಮಾಡಿದ ಬಣ್ಣದ ಬೀಜ ಮತ್ತು ತಿನ್ನುವ ಕಾಳು. ಬಿತ್ತಿ ಉಳಿದ ಮೆಕ್ಕೆಜೋಳ, ಸೂರ್ಯಕಾಂತಿ, ಶೇಂಗಾ ಬೀಜವನ್ನು ತೊಳೆದು ತಿನ್ನುವುದಾಗಲಿ, ಕೋಳಿಗೆ ಹಾಕುವುದಾಗಲಿ ಸಲ್ಲದು.

ವಿಷ ಪಾಷಾಣದ ಬಗ್ಗೆ ವಿಶೇಷ ಸೂಚನೆ

2018ರಲ್ಲಿ ಶಿವಮೊಗ್ಗ ಭಾಗದಲ್ಲಿ ದೇಶದಲ್ಲಿಯೇ ಮೊದಲ ಬಾರಿಗೆ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವು ಈಗ ಮೆಕ್ಕೆಜೋಳದ ಪ್ರಮುಖ ಪೀಡೆ. ಇದರ ಹತೋಟಿಗೆ 10 ಕಿಲೋ ಅಕ್ಕಿ ತೌಡು ಮತ್ತು 2 ಕಿಲೋ ಬೆಲ್ಲವನ್ನು ನೀರಿನೊಂದಿಗೆ ಕಲಸಿ 24 ಗಂಟೆ ಹುಳಿಯಲು ಬಿಟ್ಟು, ಬಳಸುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಸೇರಿಸುವ ಪದ್ಧತಿ ಇದೆ. ಹೀಗೆ ತಯಾರಾದ ಪಾಷಾಣವು ನೋಡಲು, ಮೂಸಲು ದನದ ತಿನಿಸಿನಂತೆಯೇ ಇರುತ್ತದೆ. ಮನೆಯಲ್ಲಿ ವಿಷ ಬೆರೆಸಿ ಬುಟ್ಟಿಯಲ್ಲಿ ಹೊತ್ತೊಯ್ದರೆ ದಾರಿಯಲ್ಲಿ ಚೆಲ್ಲಿದ್ದನ್ನು ದನ, ಕುರಿ, ಕೋಳಿಗಳು ತಿನ್ನುತ್ತವೆ. ಮನೆಯಲ್ಲಿ ಉಳಿದದ್ದನ್ನು ಅರಿಯದವರು ಕಲಗಚ್ಚಿಗೆ ಸುರಿಯುತ್ತಾರೆ. ಆದ್ದರಿಂದ ಹುಳಿದ ತೌಡನ್ನೂ ವಿಷವನ್ನೂ ಬೇರೆ ಬೇರೆಯಾಗಿ ಹೊಲಕ್ಕೆ ಒಯ್ದು, ಬದುವಿನ ಮೇಲೆ ಕೈಗವಸು ಧರಿಸಿ ಬೆರೆಸಬೇಕು. ಕಲಸಿದ ಪಾತ್ರೆಯು ಮನೆಗೆ ಮರಳಬಾರದು.

ರೈತರು ಪಾಲಿಸಬೇಕಾದ ಕ್ರಮಗಳು

ಕೊಳ್ಳುವಾಗ
• ಪರವಾನಗಿ ಇರುವ ಮಾರಾಟಗಾರರಿಂದ ರಸೀದಿ ಪಡೆದೇ ಕೊಳ್ಳಬೇಕು. ರಸೀದಿಯಲ್ಲಿರುವ ಹೆಸರು, ಬ್ಯಾಚ್ ಸಂಖ್ಯೆಗಳು ಅವಘಡವಾದಾಗ ವೈದ್ಯರಿಗೂ ಸಹಾಯಕ.
• ಸೀಲ್ ಒಡೆದ, ಉಬ್ಬಿದ, ಸೋರುವ ಡಬ್ಬಿಯನ್ನು ಸ್ವೀಕರಿಸಬಾರದು. ಪಾರ್ಸೆಲ್ ಮೂಲಕ ಮನೆಗೆ ಬಂದದ್ದಕ್ಕೂ ಇದು ಅನ್ವಯಿಸುತ್ತದೆ.
• ದೊಡ್ಡ ಕ್ಯಾನಿನಿಂದ ಚಿಕ್ಕ ಬಾಟಲಿಗೆ ಬಗ್ಗಿಸಿಕೊಂಡು ತರಬಾರದು. ಲೇಬಲ್ ಇಲ್ಲದ ಬಾಟಲಿಯು ಹೆಸರಿಲ್ಲದ ವಿಷ. ತಂಪು ಪಾನೀಯ, ಮದ್ಯ ಅಥವಾ ನೀರಿನ ಬಾಟಲಿಯಲ್ಲಿ ತುಂಬಿಸುವುದು ಅತ್ಯಂತ ಅಪಾಯಕಾರಿ.
• ಲೇಬಲ್ ಜೊತೆಗಿನ ಕರಪತ್ರವನ್ನು ಕೇಳಿ ಪಡೆಯಬೇಕು.

ಒಯ್ಯುವಾಗ
• ಅಂಗಡಿಯ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಇದರಿಂದ ಡಬ್ಬಿಯು ಸಂತೆಯಲ್ಲಿ, ಹೋಟೆಲಿನಲ್ಲಿ, ಆಸ್ಪತ್ರೆಯಲ್ಲಿ ನಮ್ಮ ಜೊತೆ ತಿರುಗುವುದು ತಪ್ಪುತ್ತದೆ.
• ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ ಅಥವಾ ಡಬ್ಬವೊಂದನ್ನು ಈ ಕೆಲಸಕ್ಕೇ ಮೀಸಲಿಡಬೇಕು. ತಳದಲ್ಲಿ ಒಣ ಮರಳು ಅಥವಾ ಮರದ ಹೊಟ್ಟು ಹಾಕಿ ಬಾಟಲಿಗಳನ್ನು ನೇರವಾಗಿ ನಿಲ್ಲಿಸಬೇಕು. ಬಾಟಲಿ ಒಡೆದರೂ ವಿಷವು ಬಕೆಟ್ಟಿನಲ್ಲಿಯೇ ಉಳಿಯುತ್ತದೆ. ನಿಯಮ 35ನ್ನು ಪಾಲಿಸಲು ಇದು ಅತ್ಯಂತ ಸರಳ ಉಪಾಯ.
• ಮೋಟಾರ್ ಸೈಕಲ್ಲಿನಲ್ಲಿ ಹ್ಯಾಂಡಲಿಗೆ ನೇತುಹಾಕುವುದು, ಮಕ್ಕಳ ಕೈಗೆ ಕೊಡುವುದು, ಊಟದ ಚೀಲದಲ್ಲಿ ಇಡುವುದು ಬೇಡ.
• ಬಸ್, ಟಂಟಂ ಮತ್ತು ರೈಲುಗಳಲ್ಲಿ ಜನರ ನಡುವೆ ಒಯ್ಯಬಾರದು.
• ಟ್ರೈಲರಿನಲ್ಲಿ ಒಯ್ಯುವಾಗ ಬಕೆಟ್ಟನ್ನು ಹಿಂಭಾಗದ ಮೂಲೆಗೆ ಹಗ್ಗದಿಂದ ಬಿಗಿದು, ಆಹಾರ ಪದಾರ್ಥಗಳನ್ನು ಬೇರೆ ಸಲಕ್ಕೆ ಅಥವಾ ಬೇರೆ ವಾಹನದಲ್ಲಿ ತರಬೇಕು. ವಿಷದ ಪಕ್ಕದಲ್ಲಿ ಜನರನ್ನು ಕೂರಿಸಬಾರದು.
• ಬೀಡಿ, ಸಿಗರೇಟು ಸೇದಬಾರದು. ಎಲೆ ಅಡಿಕೆ, ತಂಬಾಕು ಹಾಕಿಕೊಳ್ಳಬಾರದು.

ತಲುಪಿದ ಮೇಲೆ
• ಅಡುಗೆಮನೆ, ಮಲಗುವ ಕೋಣೆ, ದನದ ಕೊಟ್ಟಿಗೆಗಳಲ್ಲಿ ಇಡದೆ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು.
• ಕೈಗಳನ್ನು ಸಾಬೂನಿನಿಂದ ತೊಳೆದ ನಂತರವೇ ಇತರ ಕೆಲಸ ಮಾಡಬೇಕು.

ಟ್ರೈಲರ್ ಮತ್ತು ಚಕ್ಕಡಿಯ ಶುದ್ಧತೆ

ಮುಂಗಾರಿನಲ್ಲಿ ವಿಷ ಹೊತ್ತ ಟ್ರೈಲರೇ ಸುಗ್ಗಿಯಲ್ಲಿ ಮೆಕ್ಕೆಜೋಳ ಹೊರುತ್ತದೆ. ಭರತ ಹುಣ್ಣಿಮೆಯ ಹೊತ್ತಿಗೆ ಅದೇ ಟ್ರೈಲರಿನಲ್ಲಿ ಅಕ್ಕಿ, ಬುತ್ತಿ, ಮಕ್ಕಳು ಮರಿಗಳೊಂದಿಗೆ ಕುಟುಂಬವು ಮೈಲಾರ ಜಾತ್ರೆಗೆ ಹೊರಡುತ್ತದೆ. ಮರದ ಹಲಗೆಯಲ್ಲಿ ಇಳಿದ ವಿಷವು ಬೇಗ ಹೋಗುವುದಿಲ್ಲ. ಆದ್ದರಿಂದ ಪೀಡೆನಾಶಕ ಹೇರುವ ಮೊದಲು ದಪ್ಪ ತಾಡಪಾಲು ಹಾಸಬೇಕು. ಸೋರಿಕೆಯಾಗಿದ್ದರೆ ಹಲಗೆಯನ್ನು ವಾಷಿಂಗ್ ಸೋಡಾ ಮತ್ತು ಸಾಬೂನು ಪುಡಿಯಿಂದ ಹಲವು ಬಾರಿ ಉಜ್ಜಿ ತೊಳೆದು ಬಿಸಿಲಿಗೆ ಬಿಡಬೇಕು. ದ್ರವವನ್ನು ಹೀರಿಕೊಂಡ ಹಲಗೆಯನ್ನು ಬದಲಿಸುವುದು ಉತ್ತಮ. ತೊಳೆಯುವ ಕೆಲಸವನ್ನು ಬಾವಿ, ಹಳ್ಳ, ಕೆರೆಗಳಿಂದ ದೂರವಿರುವ ಬಂಜರು ಜಾಗದಲ್ಲಿ ಮಾಡಬೇಕು.

ಹೂವಿನಹಡಗಲಿಯ ಮಲ್ಲಿಗೆ ಬೆಳೆಗಾರರೂ ಇದನ್ನು ಗಮನಿಸಬೇಕು. ಹೂವು ಮುಡಿಯುವ, ದೇವರಿಗೆ ಏರಿಸುವ, ಮೂಸುವ ವಸ್ತು. ಹೂವಿನ ಬುಟ್ಟಿ ಮತ್ತು ಗೋಣಿಯಲ್ಲಿ ಮರಳುವಾಗ ಪೀಡೆನಾಶಕದ ಬಾಟಲಿ ತರುವ ಅಭ್ಯಾಸವಿದ್ದರೆ ಕೈಬಿಡಬೇಕು.

ರೈತ ಉತ್ಪಾದಕರ ಸಂಸ್ಥೆ, ಸಹಕಾರ ಸಂಘ ಮತ್ತು ಮಾರಾಟಗಾರರಿಗೆ

ದೊಡ್ಡ ಊರುಗಳಿಂದ ಸಗಟಾಗಿ ಸರಕು ತರಿಸುವ ಸಂಸ್ಥೆಗಳು ಕೆಳಗಿನವುಗಳನ್ನು ಪರಿಶೀಲಿಸಬೇಕು.

1. ರವಾನೆದಾರರು ಸರಕಿನ ಅಪಾಯದ ಸಂಪೂರ್ಣ ಮಾಹಿತಿಯನ್ನು ವಾಹನ ಮಾಲೀಕರಿಗೆ ಲಿಖಿತವಾಗಿ ನೀಡಬೇಕು (ನಿಯಮ 131). ಸಂಘವೇ ಒಂದು ಶಾಖೆಯಿಂದ ಇನ್ನೊಂದಕ್ಕೆ ಸರಕು ಕಳುಹಿಸಿದರೆ ಸಂಘವೇ ರವಾನೆದಾರ.
2. ವಾಹನ ಮಾಲೀಕರು ವಾಹನದ ನೋಂದಣಿ, ಪರವಾನಗಿ, ಸುರಕ್ಷತಾ ಸಾಧನ ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆಗಳನ್ನು ಖಚಿತಪಡಿಸಬೇಕು; ಚಾಲಕರಿಗೆ ಮಾಹಿತಿಯನ್ನು ವಿವರಿಸಬೇಕು (ನಿಯಮ 132).
3. ಆ ಮಾಹಿತಿಯ ಪತ್ರ, ಅಂದರೆ ಟ್ರೆಮ್ ಕಾರ್ಡ್, ಚಾಲಕರ ಕ್ಯಾಬಿನ್ನಿನಲ್ಲಿಯೇ ಇರಬೇಕು (ನಿಯಮ 133).
4. ಚಾಲಕರು ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷನ್ನು ಓದಿ ಬರೆಯಬಲ್ಲವರಾಗಿದ್ದು, ಅಪಾಯಕಾರಿ ಸರಕಿನ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಿರಬೇಕು (ನಿಯಮ 9). 2019ರ ತಿದ್ದುಪಡಿಯಂತೆ ಇಂತಹ ಲೈಸೆನ್ಸಿನ ಅವಧಿ ಮೂರು ವರ್ಷ. ನವೀಕರಣಕ್ಕೆ ಒಂದು ದಿನದ ಪುನಶ್ಚೇತನ ತರಬೇತಿ ಕಡ್ಡಾಯ.
5. ವಾಹನದ ಮೇಲೆ ತುರ್ತು ಮಾಹಿತಿ ಫಲಕವಿರಬೇಕು (ನಿಯಮ 134). ಅದರಲ್ಲಿ ಸರಕಿನ ತಾಂತ್ರಿಕ ಹೆಸರು 50 ಮಿ.ಮೀ.ಗೆ ಕಡಿಮೆಯಿಲ್ಲದ ಅಕ್ಷರಗಳಲ್ಲಿ, ವಿಶ್ವಸಂಸ್ಥೆಯ ಗುರುತಿನ ಸಂಖ್ಯೆ 100 ಮಿ.ಮೀ.ಗೆ ಕಡಿಮೆಯಿಲ್ಲದ ಅಂಕಿಗಳಲ್ಲಿ, ವರ್ಗ ಚಿಹ್ನೆ 250 ಮಿ.ಮೀ.ಗೆ ಕಡಿಮೆಯಿಲ್ಲದ ಚೌಕದಲ್ಲಿ ಇರಬೇಕು. ತುರ್ತು ಸೇವೆಯ ಮತ್ತು ರವಾನೆದಾರರ ದೂರವಾಣಿ ಸಂಖ್ಯೆಗಳೂ ಅಗತ್ಯ.
6. ಅಪಘಾತವಾದರೆ ಚಾಲಕರು ಕೂಡಲೇ ಹತ್ತಿರದ ಪೊಲೀಸ್ ಠಾಣೆಗೂ ವಾಹನ ಮಾಲೀಕರಿಗೂ ತಿಳಿಸಬೇಕು (ನಿಯಮ 136).

‘ಬಾಡಿಗೆ ಕಡಿಮೆ’ ಎಂಬ ಕಾರಣಕ್ಕೆ ಅಕ್ಕಿ ಅಥವಾ ಪಶು ಆಹಾರ ತರುವ ಲಾರಿಯಲ್ಲಿಯೇ ಪೀಡೆನಾಶಕದ ಪೆಟ್ಟಿಗೆ ಹೇರಿಸುವುದು 1958ರ ತಪ್ಪನ್ನೇ ಮರುಕಳಿಸಿದಂತೆ.

ಹೆದ್ದಾರಿ ಬದಿಯ ಗ್ರಾಮಗಳಿಗೆ

ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿ ತಾಲ್ಲೂಕನ್ನು ಹಾದುಹೋಗುತ್ತದೆ. ಟ್ಯಾಂಕರ್ ಅಥವಾ ಲಾರಿ ಉರುಳಿದಾಗ ಜನರು ಕೊಡ, ಕ್ಯಾನು ಹಿಡಿದು ಹತ್ತಿರ ಹೋಗುವುದು ಆತ್ಮಹತ್ಯೆಗೆ ಸಮಾನ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ, ಅಂದರೆ ಗಾಳಿಯು ನಮ್ಮಿಂದ ವಾಹನದ ಕಡೆಗೆ ಹೋಗುವಂತೆ ದೂರ ನಿಂತು, ಫಲಕದ ಮೇಲಿನ ನಾಲ್ಕು ಅಂಕಿಗಳ ಸಂಖ್ಯೆಯನ್ನು ಓದಿ 112ಕ್ಕೆ ತಿಳಿಸಬೇಕು. 1203 ಎಂದರೆ ಪೆಟ್ರೋಲ್, 1202 ಎಂದರೆ ಡೀಸೆಲ್, 1075 ಎಂದರೆ ಅಡುಗೆ ಅನಿಲ, 1005 ಎಂದರೆ ಅಮೋನಿಯಾ. ಈ ಸಂಖ್ಯೆಯೊಂದನ್ನು ಸರಿಯಾಗಿ ಹೇಳಿದರೆ ಅಗ್ನಿಶಾಮಕ ದಳವು ಸಿದ್ಧತೆಯೊಂದಿಗೆ ಬರಲು ಸಾಧ್ಯ.

ಸೋರಿಕೆಯಾದಾಗ ಕೈಗೊಳ್ಳಬೇಕಾದ ಕ್ರಮ

1. ವಾಹನ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಜನ ಮತ್ತು ದನಗಳನ್ನು ದೂರ ಕಳುಹಿಸಬೇಕು.
2. ನೀರು ಹಾಕಿ ತೊಳೆಯಬಾರದು. ನೀರು ವಿಷವನ್ನು ಹರಡುತ್ತದೆ. ಅಲ್ಯೂಮಿನಿಯಂ ಫಾಸ್ಫೈಡ್ ಆಗಿದ್ದರೆ ನೀರು ತಾಗಿಸುವುದೇ ಮಾರಕ. ಅದರ ಹತ್ತಿರ ಹೋಗದೆ ಪರಿಣತರನ್ನು ಕರೆಸಬೇಕು.
3. ಕೈಗವಸು ಧರಿಸಿ, ಸೋರಿದ ದ್ರವದ ಸುತ್ತ ಒಣ ಮಣ್ಣಿನ ಬದು ಕಟ್ಟಿ, ಮೇಲೆ ಒಣ ಮಣ್ಣು ಅಥವಾ ಮರಳು ಸುರಿದು ಹೀರಿಸಬೇಕು. ಆಮ್ಲ ಮತ್ತು ಉತ್ಕರ್ಷಕಗಳ ಮೇಲೆ ಮರದ ಹೊಟ್ಟು ಹಾಕಬಾರದು.
4. ಆ ಮಣ್ಣನ್ನು ಸಲಿಕೆಯಿಂದ ತೆಗೆದು ದಪ್ಪ ಚೀಲದಲ್ಲಿ ಕಟ್ಟಿ, ಗುರುತು ಹಾಕಿ, ಮಾರಾಟಗಾರರಿಗೂ ಕೃಷಿ ಇಲಾಖೆಗೂ ತಿಳಿಸಬೇಕು.
5. ವಿಷ ತಾಗಿದ ಆಹಾರ ಅಥವಾ ಮೇವು ಎಷ್ಟೇ ಬೆಲೆಬಾಳುವುದಾದರೂ ತಿನ್ನಬಾರದು, ಮಾರಬಾರದು, ದನಕ್ಕೆ ಹಾಕಬಾರದು. ತೊಳೆದು ಒಣಗಿಸಿದರೆ ಸರಿಹೋಗುತ್ತದೆ ಎಂಬುದು ತಪ್ಪು ಕಲ್ಪನೆ.

ಹಡಗಲಿ ಮತ್ತು ಹರಪನಹಳ್ಳಿಯ ಪಶ್ಚಿಮದ ಹಳ್ಳಿಗಳಲ್ಲಿ ತುಂಗಭದ್ರಾ ನದಿ, ಹಗರಿಬೊಮ್ಮನಹಳ್ಳಿಯಲ್ಲಿ ಜಲಾಶಯದ ಹಿನ್ನೀರು, ಮಾಲವಿ ಜಲಾಶಯ ಹಾಗೂ 2024ರಲ್ಲಿ ರಾಮ್ಸರ್ ತಾಣವಾದ ಅಂಕಸಮುದ್ರ ಪಕ್ಷಿಧಾಮದ ಕೆರೆ ಇವೆ. ಕೂಡ್ಲಿಗಿ, ಕೊಟ್ಟೂರು ಭಾಗದ ಕೆರೆಗಳು ಮಳೆಯಾಶ್ರಿತವಾಗಿದ್ದು ಬೇಸಿಗೆಯಲ್ಲಿ ನೀರು ಕಡಿಮೆಯಾಗುತ್ತದೆ. ಕಡಿಮೆ ನೀರಿನಲ್ಲಿ ಸ್ವಲ್ಪ ವಿಷವೂ ಮೀನು, ಹಕ್ಕಿ, ಜಾನುವಾರುಗಳಿಗೆ ಹೆಚ್ಚು ಹಾನಿ ಮಾಡುತ್ತದೆ.

ಪ್ರಥಮ ಚಿಕಿತ್ಸೆ

• ಮೈಮೇಲೆ ಬಿದ್ದರೆ ಬಟ್ಟೆ ತೆಗೆದು ಸಾಬೂನು ಮತ್ತು ಹರಿಯುವ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಅಷ್ಟೇ ಹೊತ್ತು ಶುದ್ಧ ನೀರು ಹಾಯಿಸಬೇಕು.
• ಅನಿಲ ಸೇವಿಸಿದ್ದರೆ ಶುದ್ಧ ಗಾಳಿಗೆ ಕರೆತಂದು ಬಿಗಿ ಬಟ್ಟೆ ಸಡಿಲಿಸಬೇಕು.
• ನುಂಗಿದ್ದರೆ, ಲೇಬಲ್ ಅಥವಾ ವೈದ್ಯರು ಹೇಳದ ಹೊರತು ವಾಂತಿ ಮಾಡಿಸಬಾರದು. ಎಣ್ಣೆ, ಹಾಲು, ಹುಣಸೆ ನೀರು ಮುಂತಾದವನ್ನು ಕುಡಿಸಿ ಸಮಯ ಕಳೆಯಬಾರದು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.
• 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಸಾಗಿಸಬೇಕು. ಡಬ್ಬಿ, ಲೇಬಲ್ ಅಥವಾ ಕರಪತ್ರವನ್ನು ತಪ್ಪದೆ ಒಯ್ಯಬೇಕು. ವಿಷದ ಹೆಸರು ತಿಳಿದರೆ ಮಾತ್ರ ವೈದ್ಯರು ಸರಿಯಾದ ಪ್ರತಿವಿಷ ನೀಡಬಲ್ಲರು. ಉದಾಹರಣೆಗೆ ಸಾವಯವ ರಂಜಕ ಗುಂಪಿನ ಕೀಟನಾಶಕಗಳಿಗೆ ಅಟ್ರೋಪಿನ್ ಬಳಸಲಾಗುತ್ತದೆ.
• ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ: 1800 116 117.

ಖಾಲಿ ಡಬ್ಬಿಗಳು

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಸೇವಿಸಿದ 23 ಮಕ್ಕಳು ಮೃತಪಟ್ಟರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಕೀಟನಾಶಕ ಬೆರೆತಿದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ಖಾಲಿಯಾದ ಡಬ್ಬಿಯು ಖಾಲಿಯಲ್ಲ ಎಂಬುದನ್ನು ಇದಕ್ಕಿಂತ ಕಟುವಾಗಿ ಹೇಳುವ ಉದಾಹರಣೆ ಬೇಕಿಲ್ಲ. ಡಬ್ಬಿಯನ್ನು ಮೂರು ಬಾರಿ ನೀರಿನಿಂದ ಗಲಬರಿಸಿ ಆ ನೀರನ್ನು ಸಿಂಪರಣಾ ಟ್ಯಾಂಕಿಗೇ ಹಾಕಿ ಬೆಳೆಗೆ ಬಳಸಬೇಕು. ನಂತರ ತಳಕ್ಕೆ ತೂತು ಕೊರೆದು, ಜಜ್ಜಿ, ಮನೆ ಮತ್ತು ನೀರಿನ ಮೂಲಗಳಿಂದ ದೂರ ಹೂಳಬೇಕು. ಸುಡಬಾರದು. ಸೀಮೆಎಣ್ಣೆ, ಕುಡಿಯುವ ನೀರು, ಉಪ್ಪು ಅಥವಾ ಬೀಜ ತುಂಬಿಡಲು ಬಳಸಬಾರದು, ಗುಜರಿಯವರಿಗೂ ಕೊಡಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಮುಂಗಾರು ಬಿತ್ತನೆಗೆ ಮುನ್ನ ರೈತ ಸಂಪರ್ಕ ಕೇಂದ್ರಗಳ ವ್ಯಾಪ್ತಿಯಲ್ಲಿ ನಡೆಯುವ ಸಭೆಗಳಲ್ಲಿ ಈ ವಿಷಯಕ್ಕೆ ಸಮಯ ನೀಡುವುದು ಸೂಕ್ತ. ಭಾಷಣಕ್ಕಿಂತ ಪ್ರಾತ್ಯಕ್ಷಿಕೆ ಪರಿಣಾಮಕಾರಿ. ಬಣ್ಣದ ನೀರು ತುಂಬಿದ ಬಾಟಲಿಯನ್ನು ಅಕ್ಕಿ ಚೀಲದ ಮೇಲೆ ಮಲಗಿಸಿ, ಮುಚ್ಚಳ ಸಡಿಲಿಸಿ, ಅರ್ಧ ಗಂಟೆಯ ನಂತರ ಚೀಲವನ್ನು ಬಿಚ್ಚಿ ತೋರಿಸಿದರೆ ಎಲ್ಲರಿಗೂ ಮನದಟ್ಟಾಗುತ್ತದೆ. ಇಂತಹ ಸಭೆಗಳಿಗೆ ಟ್ರ್ಯಾಕ್ಟರ್ ಚಾಲಕರನ್ನು, ಸರಕು ಆಟೋ ಮಾಲೀಕರನ್ನು, ಕಿರಾಣಿ ಸಾಮಾನು ತರುವ ಮಹಿಳೆಯರನ್ನು ತಪ್ಪದೆ ಆಹ್ವಾನಿಸಬೇಕು. ಪೀಡೆನಾಶಕವನ್ನು ಕೊಳ್ಳುವವರು ಒಬ್ಬರು, ಹೊರುವವರು ಇನ್ನೊಬ್ಬರು, ಅದರ ಪಕ್ಕದಲ್ಲಿದ್ದ ಅಕ್ಕಿಯನ್ನು ಬೇಯಿಸುವವರು ಮತ್ತೊಬ್ಬರು. ಮೂವರಿಗೂ ವಿಷಯ ತಿಳಿದಿದ್ದರೆ ಮಾತ್ರ ನಿಯಮವು ಪಾಲನೆಯಾಗುತ್ತದೆ.

ಸಾರಾಂಶ

• ಆಹಾರ ಮತ್ತು ಮೇವಿನ ಜೊತೆ ವಿಷವನ್ನು ಹೇರಬಾರದು.
• ಮೂಲ ಡಬ್ಬಿ, ಮೂಲ ಲೇಬಲ್, ರಸೀದಿ ಮೂರೂ ಜೊತೆಗಿರಲಿ.
• ಮುಚ್ಚಳದ ಬಕೆಟ್ ಒಂದನ್ನು ಸಾಗಣೆಗೆ ಮೀಸಲಿಡಿ.
• ಆಮ್ಲ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಒಯ್ಯಬೇಡಿ.
• ಸೋರಿದರೆ ನೀರಲ್ಲ, ಒಣ ಮಣ್ಣು.
• ತುರ್ತು ಸೇವೆ 112, ಆಂಬುಲೆನ್ಸ್ 108, ಕಿಸಾನ್ ಕಾಲ್ ಸೆಂಟರ್ 1800 180 1551.

ಹೆಚ್ಚಿನ ಮಾಹಿತಿಗಾಗಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು.